ಪೆಟ್ಟಿಗೆಯೊಳಗಿನ ಹನ್ನೊಂದು ಮಂದಿ

ಇಂಗ್ಲೆಂಡಿನ ಹಳೆಯ ಮನೆಗಳ ಅಟ್ಟದಲ್ಲಿ ಕೆಲವೊಮ್ಮೆ ಉದ್ದನೆಯ ಹಸಿರು ರಟ್ಟಿನ ಪೆಟ್ಟಿಗೆಯೊಂದು ದೊರಕುವುದುಂಟು. ಮುಚ್ಚಳ ತೆರೆದರೆ ಒಳಗೆ ಸಾಲಾಗಿ ಜೋಡಿಸಿದ ಹತ್ತು ಪುಟ್ಟ ಆಟಗಾರರು, ಜೊತೆಗೆ ಕಡ್ಡಿಯ ತುದಿಯಲ್ಲಿ ನಿಂತ ಒಬ್ಬ ಗೋಲ್‌ಕೀಪರ್. ಇದು ‘ಸುಬ್ಬೂಟಿಯೋ’ ಎಂಬ ಮೇಜಿನ ಕಾಲ್ಚೆಂಡಾಟದ ಒಂದು ತಂಡ. ಕೇರಂ ಆಡಿ ಬಲ್ಲವರಿಗೆ ಇದರ ಮರ್ಮವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆರಳಿನಿಂದ ಚಿಮ್ಮಿದಾಗ ಗೊಂಬೆ ಜಾರುತ್ತಾ ಹೋಗಿ ಚೆಂಡನ್ನು ಹೊಡೆಯುತ್ತದೆ. ಗುಂಡಗಿನ ಭಾರವಾದ ಅಡಿಯಿರುವುದರಿಂದ ಓಲಾಡಿದರೂ ನೆಟ್ಟಗೆ ನಿಲ್ಲುತ್ತದೆ.

ಈ ಉಪಾಯ ಹೊಸದಾಗಿರಲಿಲ್ಲ. ಲಿವರ್‌ಪೂಲ್‌ನ ವಿಲಿಯಂ ಕೀಲಿಂಗ್ ಎಂಬವರು 1929ರಲ್ಲೇ ‘ನ್ಯೂಫೂಟಿ’ ಎಂಬ ಇಂಥದೇ ಆಟವನ್ನು ಮಾರಾಟಕ್ಕೆ ತಂದಿದ್ದರು. ಆದರೂ ಕೀರ್ತಿ ಒಲಿದದ್ದು ಕೆಂಟ್ ಪ್ರಾಂತದ ಲ್ಯಾಂಗ್ಟನ್ ಗ್ರೀನ್‌ನ ಪೀಟರ್ ಅಡಾಲ್ಫ್ ಅವರಿಗೆ. ಪಕ್ಷಿಪ್ರಿಯರಾಗಿದ್ದ ಅವರು ತಮ್ಮ ಆಟಕ್ಕೆ ‘ಹಾಬಿ’ ಎಂದು ಹೆಸರಿಡಬಯಸಿದರು. ಅಷ್ಟು ಸಾಮಾನ್ಯವಾದ ಪದ ನೋಂದಣಿಯಾಗಲಿಲ್ಲ. ಹಾಬಿ ಎಂಬುದು ಒಂದು ಸಣ್ಣ ಬೇಟೆಹಕ್ಕಿಯ ಹೆಸರೂ ಹೌದಷ್ಟೆ! ಅದರ ಲ್ಯಾಟಿನ್ ಹೆಸರಾದ ‘ಫಾಲ್ಕೋ ಸುಬ್ಬೂಟಿಯೋ’ದ ಉತ್ತರಾರ್ಧವನ್ನು ಅಡಾಲ್ಫ್ ಎತ್ತಿಕೊಂಡರು.

1946ರಲ್ಲಿ ಬಾಲಕರ ಪತ್ರಿಕೆಯೊಂದರಲ್ಲಿ ಜಾಹೀರಾತು ಬಂತು. ಪೆಟ್ಟಿಗೆಗಳು ಮಕ್ಕಳ ಕೈಸೇರಿದ್ದು 1947ರಲ್ಲಿ. ಯುದ್ಧಾನಂತರದ ಕೊರತೆಯ ಕಾಲವದು. ಆಟಗಾರರು ಬರಿಯ ರಟ್ಟಿನ ಚಿತ್ರಗಳು. ಮೈದಾನವಂತೂ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಅದರ ಬದಲು ಒಂದು ಸೀಮೆಸುಣ್ಣದ ತುಂಡು. ಮನೆಯಲ್ಲಿರುವ ಹಳೆಯ ಸೈನಿಕ ಕಂಬಳಿಯ ಮೇಲೆ ಗೆರೆ ಎಳೆದುಕೊಳ್ಳಿ ಎಂಬ ಸೂಚನೆಯಿತ್ತು. ಅಂದು ಎಷ್ಟು ಮನೆಗಳಲ್ಲಿ ಅಂಥ ಕಂಬಳಿಗಳಿದ್ದವೆಂಬುದನ್ನು ಈ ಒಂದು ಸೂಚನೆಯೇ ಸಾರುತ್ತದೆ.

1961ರಲ್ಲಿ ಪ್ಲಾಸ್ಟಿಕ್ಕಿನ ತುಂಬುಗೊಂಬೆಗಳು ಬಂದವು. ಇವುಗಳಿಗೆ ಬಣ್ಣ ಹಚ್ಚಿದವರು ಬಹುಮಟ್ಟಿಗೆ ಸುತ್ತಲ ಊರುಗಳ ಗೃಹಿಣಿಯರು. ಗೊಂಬೆಗಳನ್ನು ಮನೆಗೆ ಒಯ್ದು, ಅಂಗಿ, ಚಡ್ಡಿ, ಕಾಲುಚೀಲ, ತಲೆಗೂದಲುಗಳಿಗೆ ಕುಂಚದಿಂದ ಬಣ್ಣ ತುಂಬಿ ಮರಳಿಸುತ್ತಿದ್ದರು. ನಮ್ಮ ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟುವ ತಾಯಂದಿರನ್ನು ಕಂಡವರಿಗೆ ಇಂಥ ದುಡಿಮೆಯ ಪರಿಚಯವಿದ್ದೀತು.

ಹಾಗಾದರೆ ಸಂಗ್ರಾಹಕರು ರಟ್ಟಿನ ಪೆಟ್ಟಿಗೆಗೆ ಅಷ್ಟೊಂದು ಬೆಲೆ ಕೊಡುವುದೇಕೆ? ಕೆಂಪು ಅಂಗಿ, ಬಿಳಿ ಚಡ್ಡಿಯ ತಂಡಕ್ಕೆ 1 ಎಂಬ ಸಂಖ್ಯೆ. ಅದೇ ಬಣ್ಣ ತೊಡುವ ಹಲವು ಕ್ಲಬ್‌ಗಳಿಗೆ ಅದೊಂದೇ ತಂಡ ಸಾಕಾಗುತ್ತಿತ್ತು. ಪೆಟ್ಟಿಗೆಯ ಬದಿಯ ಸಂಖ್ಯೆ ಕಳೆದುಹೋದರೆ ಗೊಂಬೆಗಳ ಗುರುತು ಕಷ್ಟ. ಮೇಲಾಗಿ, ಮುರಿದ ಕಾಲಿನ ಆಟಗಾರನ ಜಾಗಕ್ಕೆ ಬೇರೆ ತಂಡದವನನ್ನು ತಂದು ಬಣ್ಣ ಬಳಿದು ನಿಲ್ಲಿಸುವವರಿದ್ದಾರೆ. ಹಳೆಯದರಂತೆ ಹೊಸ ಪೆಟ್ಟಿಗೆ ಮುದ್ರಿಸುವವರೂ ಇದ್ದಾರೆ. ನಕಲೆಂದು ಹೇಳಿ ಮಾರಿದರೆ ಆಕ್ಷೇಪವಿಲ್ಲ. ಹೇಳದೆ ಮಾರಿದರೆ ಅದು ಸುಳ್ಳು ಸಾಕ್ಷಿ. ಎಂದೂ ಆಡದ ‘ಶುದ್ಧ’ ತಂಡಕ್ಕೇ ಸಂತೆಯಲ್ಲಿ ಮಾನ್ಯತೆ. ನನಗಾದರೋ ಯಾವನೋ ಹುಡುಗ ಮುಚ್ಚಳದೊಳಗೆ ಪೆನ್ಸಿಲ್ಲಿನಿಂದ ಗೋಲುಗಳ ಲೆಕ್ಕ ಬರೆದಿಟ್ಟ ಪೆಟ್ಟಿಗೆಯೇ ಉತ್ತಮ ದಾಖಲೆ.

1960ರ ದಶಕದ ಕೊನೆಯಲ್ಲಿ ಆಟವು ವಾಡಿಂಗ್ಟನ್ಸ್ ಸಂಸ್ಥೆಯ ವಶವಾಯಿತು. 1970ರ ದಶಕದ ಕೊನೆಗೆ ಯಂತ್ರದಿಂದಲೇ ಬಣ್ಣ ಹಚ್ಚಲು ಅನುಕೂಲವಾಗುವಂತೆ ಸೆಟೆದು ನಿಂತ ಗೊಂಬೆಗಳನ್ನು ಎರಕ ಹೊಯ್ದರು. ಜನರು ಅವನ್ನು ‘ಜಾಂಬಿ’ಗಳೆಂದು, ಅಂದರೆ ನಡೆದಾಡುವ ಹೆಣಗಳೆಂದು, ಮೂದಲಿಸಿದರು. ಅವು ಹೆಚ್ಚು ಕಾಲ ಬಾಳಲಿಲ್ಲ. ಈಗ ಅವನ್ನೂ ಪೆಟ್ಟಿಗೆ ಸಮೇತ ಹುಡುಕುವವರಿದ್ದಾರೆ.