ಡಿನೇರಿಯಸ್‌ನಿಂದ ಡೆನಿಯರ್‌ವರೆಗೆ

1891ರಲ್ಲಿ ಯಶವಂತಪುರದ ಬಳಿ ರೈಲು ಹಳಿಗಾಗಿ ನೆಲ ಅಗೆಯುವಾಗ ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಒಟ್ಟು 163 ನಾಣ್ಯಗಳು. ಮೇಲೆ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ ತಲೆ. ಪಕ್ಕದ ರಾಜಾಜಿನಗರ ಆಗಿನ್ನೂ ಹುಟ್ಟಿರಲಿಲ್ಲ. ಮುಂದೆ ನಗರದ ಇನ್ನೊಂದು ತುದಿಯ ಎಚ್‌ಎಎಲ್ ಪ್ರದೇಶದಲ್ಲೂ ಇಂಥದೇ ನಿಧಿ ದೊರೆಯಿತು. ಆ ಬೆಳ್ಳಿ ನಾಣ್ಯಕ್ಕೆ ಲ್ಯಾಟಿನ್‌ನಲ್ಲಿ ಡಿನೇರಿಯಸ್ ಎಂದು ಹೆಸರು. ನಾಣ್ಯವೇನೋ ಬೆಂಗಳೂರಿನ ಮಣ್ಣು ಸೇರಿತು. ಹೆಸರು ಮಾತ್ರ ಅದರ ಜೊತೆಯಲ್ಲಿ ಬಂದಂತೆ ಕಾಣುವುದಿಲ್ಲ. ಅದು ಬೇರೆ ಬೇರೆ ದಾರಿ ಹಿಡಿದು, ಅರ್ಥ ಬದಲಿಸಿಕೊಂಡು, ತಡವಾಗಿ ಬಂತು.

ಕ್ರಿ.ಪೂ. 211ರ ಸುಮಾರಿಗೆ, ಹ್ಯಾನಿಬಾಲ್‌ನೊಡನೆ ಯುದ್ಧ ನಡೆಯುತ್ತಿದ್ದಾಗ, ರೋಮ್ ಈ ನಾಣ್ಯವನ್ನು ಚಲಾವಣೆಗೆ ತಂದಿತು. ‘ಡೀನಿ’ ಎಂದರೆ ತಲಾ ಹತ್ತು. ‘ಆಸ್’ ಎಂಬ ಕಂಚಿನ ಹತ್ತು ನಾಣ್ಯಗಳಿಗೆ ಇದು ಸಮ, ಆದ್ದರಿಂದ ಆ ಹೆಸರು. ಸುಮಾರು ಎಪ್ಪತ್ತು ವರ್ಷಗಳ ಮೇಲೆ ಅದರ ಬೆಲೆಯನ್ನು ಹದಿನಾರು ಆಸ್‌ಗೆ ಏರಿಸಿದರು. ಹೆಸರೊಳಗಿನ ಹತ್ತು ಹಾಗೇ ಉಳಿಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪದ ತನ್ನ ಮೂಲದಿಂದ ಕಳಚಿಕೊಳ್ಳುವ ಕೆಲಸ ರೋಮ್‌ನಲ್ಲಿಯೇ ಶುರುವಾಗಿತ್ತು.

ಸಾಮ್ರಾಜ್ಯ ಕುಸಿದ ಮೇಲೂ ಹೆಸರು ಬದುಕಿತು. 794ರ ಹೊತ್ತಿಗೆ ಶಾರ್ಲಮೇನ್ ಒಂದು ಲಿಬ್ರಾ ತೂಕದ ಬೆಳ್ಳಿಗೆ 240 ಡಿನೇರಿಯಸ್ ಎಂಬ ಲೆಕ್ಕವನ್ನು ಪಶ್ಚಿಮ ಯುರೋಪಿನ ದೊಡ್ಡ ಭಾಗದಲ್ಲಿ ನೆಲೆಗೊಳಿಸಿದ. ಹನ್ನೆರಡು ಡಿನೇರಿಯಸ್‌ಗೆ ಒಂದು ಸಾಲಿಡಸ್, ಇಪ್ಪತ್ತು ಸಾಲಿಡಸ್‌ಗೆ ಒಂದು ಲಿಬ್ರಾ. ಇಂಗ್ಲೆಂಡಿನ ಪೌಂಡು, ಶಿಲಿಂಗು, ಪೆನ್ನಿ ಇದೇ ಲೆಕ್ಕದವು. ಇಂಗ್ಲಿಷರು ಬಾಯಲ್ಲಿ ಪೆನ್ನಿ ಎಂದರೂ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಬರೆಯುತ್ತಿದ್ದ ಗುರುತು ‘ಡಿ’, ಅಂದರೆ ಡಿನೇರಿಯಸ್. 1971ರ ಫೆಬ್ರವರಿ 15ರಂದು ದಶಮಾಂಶ ಪದ್ಧತಿ ಬರುವವರೆಗೂ ಆ ಅಕ್ಷರ ಕದಲಲಿಲ್ಲ.

ಲ್ಯಾಟಿನ್‌ನ ಮಕ್ಕಳೆನಿಸಿದ ಭಾಷೆಗಳಲ್ಲಿ ಪದ ಎರಡು ದಿಕ್ಕಿಗೆ ಹೋಯಿತು. ಸ್ಪ್ಯಾನಿಷ್‌ನ ದಿನೇರೊ, ಪೋರ್ಚುಗೀಸ್‌ನ ದಿನ್ಹೇರು, ಇಟಾಲಿಯನ್‌ನ ದೆನಾರೊ ಇವೆಲ್ಲ ಈಗ ಒಂದು ನಾಣ್ಯದ ಹೆಸರಲ್ಲ, ಒಟ್ಟಾರೆ ಹಣ. ಫ್ರಾನ್ಸಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ‘ದೆನಿಯೇ’ ಬೆಳ್ಳಿ ಕಳೆದುಕೊಳ್ಳುತ್ತಾ ಬಂದು ಕೊನೆಗೆ ಪುಡಿ ತಾಮ್ರದ ಕಾಸಾಯಿತು. ಒಂದೇ ಪದ ಒಂದು ಕಡೆ ಸಕಲ ಸಂಪತ್ತು, ಪಕ್ಕದ ದೇಶದಲ್ಲಿ ಅತಿ ಸಣ್ಣ ಚಿಲ್ಲರೆ.

ಇದು ಯುರೋಪಿನದೇ ವಿಚಿತ್ರ ಎಂದುಕೊಳ್ಳಬೇಕಿಲ್ಲ. ಪಣ ಎಂಬ ನಾಣ್ಯದ ಹೆಸರು ನಮ್ಮಲ್ಲಿ ಹಣವಾಯಿತು. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಟಂಕಿಸಿದ ಕಂಠೀರಾಯಿ ಹಣ ಬೆರಳ ತುದಿಯಲ್ಲಿ ನಿಲ್ಲುವಷ್ಟು ಪುಟ್ಟ ಚಿನ್ನದ ನಾಣ್ಯ. ಹತ್ತು ಹಣಕ್ಕೆ ಒಂದು ವರಹ. ದುಡ್ಡು ಎಂಬುದೂ ಒಂದು ತಾಮ್ರದ ನಾಣ್ಯದ ಹೆಸರೇ. ವರಹ ದೊಡ್ಡದು, ಆದರೂ ‘ಅವನ ಹತ್ತಿರ ವರಹ ಇದೆ’ ಎಂದು ನಾವು ಹೇಳುವುದಿಲ್ಲ, ‘ದುಡ್ಡಿದೆ’ ಎನ್ನುತ್ತೇವೆ. ದಿನವೂ ಕೈಯಿಂದ ಕೈಗೆ ದಾಟುವ ನಾಣ್ಯದ ಹೆಸರೇ ಹಣದ ಹೆಸರಾಗುತ್ತದೆ ಎಂಬುದು ನನ್ನ ಎಣಿಕೆ. ದಿನೇರೊ ಕಥೆಯೂ ಹಾಗೆಯೇ ನಡೆದಿರಬೇಕು.

ಪೂರ್ವಕ್ಕೆ ಹೊರಟ ಪದದ ದಾರಿ ಇನ್ನೂ ಸೊಗಸು. ಮೊದಲ ಶತಮಾನದ ಗ್ರೀಕ್ ಕಡಲ ಕೈಪಿಡಿ ‘ಪೆರಿಪ್ಲಸ್’, ಬರೂಗಜ ಎಂದರೆ ಇಂದಿನ ಭರೂಚ್‌ನಲ್ಲಿ, ಚಿನ್ನ ಬೆಳ್ಳಿಯ ಡಿನೇರಿಯಸ್‌ಗಳನ್ನು ಸ್ಥಳೀಯ ನಾಣ್ಯಕ್ಕೆ ಬದಲಿಸಿಕೊಂಡರೆ ಲಾಭವಿದೆ ಎನ್ನುತ್ತದೆ. ರೋಮ್‌ನಲ್ಲಿ ಚಿನ್ನದ ನಾಣ್ಯವನ್ನೂ ‘ಚಿನ್ನದ ಡಿನೇರಿಯಸ್’ ಎನ್ನುವ ರೂಢಿಯಿತ್ತು. ಇಲ್ಲಿಗೆ ಬರುವಷ್ಟರಲ್ಲಿ ಬೆಳ್ಳಿಯ ಹೆಸರು ಚಿನ್ನಕ್ಕೇ ಅಂಟಿಕೊಂಡಿತು. ಗುಪ್ತರ ಶಾಸನಗಳ ದೀನಾರ ಚಿನ್ನದ್ದು. ಸಂಸ್ಕೃತ ನಿಘಂಟು ಅಮರಕೋಶ ‘ನಿಷ್ಕ’ ಎಂಬ ಪದದ ಅರ್ಥಗಳಲ್ಲಿ ದೀನಾರವನ್ನೂ ಸೇರಿಸಿತು. ಅಲ್ಲಿಗೆ ಲ್ಯಾಟಿನ್ ಪದ ಸಂಸ್ಕೃತದ ಮನೆಯದೇ ಆಯಿತು. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನವೊಂದರಲ್ಲಿ ದಾನದ ಲೆಕ್ಕ ‘ದಿನಾರಿ ಮಾಷಕ’ಗಳಲ್ಲಿದೆ. ಕಾಶ್ಮೀರಕ್ಕೆ ಹೋದರೆ ಮತ್ತೆ ಇಳಿತ. ಅಲ್ಲಿನ 12ನೇ ಶತಮಾನದ ಇತಿಹಾಸಕಾರ ಕಲ್ಹಣ, ರಾಜ ಅವಂತಿವರ್ಮನ ಕಾಲದಲ್ಲಿ ಸುಯ್ಯ ಎಂಬವನ ನೀರಾವರಿ ಕೆಲಸದಿಂದ ಒಂದು ಖಾರಿ ಅಳತೆಯ ಭತ್ತದ ಬೆಲೆ 200 ದಿನ್ನಾರದಿಂದ 36ಕ್ಕೆ ಇಳಿಯಿತೆನ್ನುತ್ತಾನೆ. ಆ ದಿನ್ನಾರ ಚಿನ್ನದ್ದಾಗಿರಲು ಸಾಧ್ಯವೇ ಇಲ್ಲ.

ಅರಬ್ಬರಲ್ಲಿ ದಿನಾರ್ ಚಿನ್ನವಾಗಿ ಉಳಿಯಿತು. ಖಲೀಫ ಅಬ್ದುಲ್ ಮಲಿಕ್ 7ನೇ ಶತಮಾನದ ಕೊನೆಯಲ್ಲಿ ಅದನ್ನು ಸುಮಾರು 4.25 ಗ್ರಾಂಗೆ ಗೊತ್ತುಪಡಿಸಿದ. ಇರಾನಿನಲ್ಲಿ ಅದೇ ದಿನಾರ್ ರಿಯಾಲಿನ ನೂರರಲ್ಲೊಂದು ಭಾಗ. ಯುಗೊಸ್ಲಾವಿಯ 1993ರಲ್ಲಿ 50,000 ಕೋಟಿ ದಿನಾರಿನ ನೋಟನ್ನೇ ಅಚ್ಚು ಹಾಕಿತು. ಹಣದುಬ್ಬರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕುವೈತ್‌ನಲ್ಲಿ 1961ರವರೆಗೆ ನಡೆಯುತ್ತಿದ್ದದ್ದು ಭಾರತದ ರಿಸರ್ವ್ ಬ್ಯಾಂಕಿನ ರೂಪಾಯಿ. ಆ ಜಾಗಕ್ಕೆ ದಿನಾರ್ ಬಂತು. ಕರಾವಳಿಯ ಮನೆಗಳಲ್ಲಿ ದಿನಾರ್ ದಿನಬಳಕೆಯ ಮಾತಾಗಿದ್ದರೆ ಅದು ಅಮರಕೋಶದ ಕೊಡುಗೆಯಲ್ಲ, ಕೊಲ್ಲಿಗೆ ದುಡಿಯಲು ಹೋದವರ ಕೊಡುಗೆ.

ಹಳೆಯ ಕನ್ನಡ ಶಾಸನಗಳ ಲೆಕ್ಕವೇ ಬೇರೆ: ಗದ್ಯಾಣ, ಪಣ, ಹಾಗ, ಬೇಳೆ, ವೀಸ. ಗ್ರೀಕರ ದ್ರಖ್ಮಾ ಕೂಡ ದ್ರಮ್ಮವಾಗಿ ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ಜಾಗ ಪಡೆಯಿತು. ರೋಮನ್ ಬೆಳ್ಳಿ ಕಣ್ಣೆದುರೇ ಇದ್ದ ನಾಡಿನಲ್ಲಿ ದೀನಾರ ಮಾತ್ರ ಓದುಬರಹದವರ ಪದವಾಗಿ ನಿಂತಿತು. ಇದಕ್ಕೆ ಕಾರಣ ಹುಡುಕುವ ಕೆಲಸ ಭಾಷಾಶಾಸ್ತ್ರಕ್ಕಿಂತ ನಾಣ್ಯಶಾಸ್ತ್ರದ ಕಡೆಯಿಂದಲೇ ಹೆಚ್ಚು ನಡೆದಿದೆ. ರಾಬರ್ಟ್ ಸೀವೆಲ್ 1904ರಲ್ಲಿ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ಪಟ್ಟಿ ಮಾಡಿದರು. ಎಂ.ಎಚ್. ಕೃಷ್ಣ 1929ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯನ್ನು ಅಗೆಸಿದರು. ಅಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ಡಿನೇರಿಯಸ್‌ಗಳೂ ಸಿಕ್ಕವು. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಕುರಿತು ಬರೆದ ಪುಸ್ತಕ 1975ರಲ್ಲಿ ಬಂತು. 1989ರಲ್ಲಿ ಪೌಲಾ ಟರ್ನರ್ ಭಾರತದ ನಿಧಿಗಳನ್ನೆಲ್ಲ ಮತ್ತೆ ಎಣಿಸಿದರು. ಇಲ್ಲಿ ಹೆಚ್ಚಾಗಿ ದೊರೆಯುವ ಬೆಳ್ಳಿ ನಾಣ್ಯಗಳು ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೊ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ತಗ್ಗಿಸಿದ್ದ. ಅದಕ್ಕೂ ಹಿಂದಿನ ಒಳ್ಳೆಯ ಬೆಳ್ಳಿಯನ್ನೇ ಆರಿಸಿ ಇತ್ತ ಕಳಿಸುತ್ತಿದ್ದರು ಎಂಬ ವಾದ ಗಟ್ಟಿಯಾಗಿದೆ. ನನಗೆ ಅನಿಸುವುದಿಷ್ಟು: ಬೆಳ್ಳಿಯನ್ನು ತೂಕಕ್ಕೆ ತೆಗೆದುಕೊಳ್ಳುವವನಿಗೆ ನಾಣ್ಯದ ಹೆಸರಿನಿಂದ ಆಗಬೇಕಾದ್ದೇನಿಲ್ಲ.

ಪದ ಕೊನೆಗೆ ಪಶ್ಚಿಮ ಬೆಂಗಳೂರಿಗೆ ಬಂದದ್ದು ಫ್ರಾನ್ಸಿನ ಆ ಬಡ ದೆನಿಯೇ ಆಗಿ, ಅದೂ ಹಣವಾಗಿ ಅಲ್ಲ. ಆ ಹೆಸರಿನ ಸಣ್ಣ ತೂಕವೊಂದನ್ನು ಯುರೋಪಿನ ರೇಷ್ಮೆ ವ್ಯಾಪಾರಿಗಳು ಎಳೆಯ ದಪ್ಪ ಅಳೆಯಲು ಬಳಸಿದರು. ಈಗಿನ ಲೆಕ್ಕದಲ್ಲಿ 9,000 ಮೀಟರ್ ಎಳೆ ಒಂದು ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ರೇಷ್ಮೆ ಗೂಡಿನ ಒಂದು ಎಳೆ ಎರಡು ಮೂರು ಡೆನಿಯರ್ ಇರುತ್ತದೆ. ಎಂಟು ಹತ್ತು ಗೂಡಿನ ಎಳೆಗಳನ್ನು ಒಟ್ಟಿಗೆ ಬಿಚ್ಚಿದರೆ 20/22 ಡೆನಿಯರ್‌ನ ಕಚ್ಚಾ ರೇಷ್ಮೆ.

ಮಾಗಡಿ ರಸ್ತೆಯ ಕಡೆ ಬಟ್ಟೆಯ ಉದ್ಯಮ ಹೊಸದಲ್ಲ. ಬಿನ್ನಿಪೇಟೆಗೆ ಹೆಸರು ಕೊಟ್ಟ ಬಿನ್ನಿ ಗಿರಣಿ 1884ರಲ್ಲಿ ಶುರುವಾದಾಗಲೇ ಉಣ್ಣೆ, ಹತ್ತಿ, ರೇಷ್ಮೆ ಮೂರನ್ನೂ ಹೆಸರಿನಲ್ಲಿ ಹೊತ್ತಿತ್ತು. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ರಾಮನಗರದ ಗೂಡಿನ ಮಾರುಕಟ್ಟೆ. ಅಲ್ಲಿಂದ ಮಗ್ಗದವರೆಗೆ ನೂಲಿನ ಮಾತು ಬಂದಲ್ಲೆಲ್ಲ ಡೆನಿಯರ್ ಬರುತ್ತದೆ. ರೇಷ್ಮೆಯ ಗಂಧವೇ ಇಲ್ಲದ ಕಡೆಗೂ ಅದು ನುಗ್ಗಿದೆ: ವಿಜಯನಗರದ ಅಂಗಡಿಯಲ್ಲಿ ನೇತು ಹಾಕಿದ ಶಾಲೆಯ ಬ್ಯಾಗಿನ ಚೀಟಿಯಲ್ಲಿ 600 ‘ಡಿ’ ಎಂದು ಬರೆದಿದ್ದರೆ ಅದು ಬ್ಯಾಗಿನ ಪಾಲಿಯೆಸ್ಟರ್ ದಾರದ ಡೆನಿಯರ್. ಇಂಗ್ಲಿಷರು ಪೆನ್ನಿಗೆ ಬಳಸಿ ಕೈಬಿಟ್ಟ ಅಕ್ಷರವೂ ಇದೇ.

ಹತ್ತಿಯನ್ನೂ ರೇಷ್ಮೆಯನ್ನೂ ಕಂಡ ನೇಕಾರರು ಎರಡು ಲೆಕ್ಕ ಇಟ್ಟುಕೊಳ್ಳಬೇಕು. ಹತ್ತಿಗೆ ಕೌಂಟು ಹೆಚ್ಚಿದಷ್ಟೂ ನೂಲು ಸಣ್ಣ. ರೇಷ್ಮೆಗೆ ಡೆನಿಯರ್ ಹೆಚ್ಚಿದಷ್ಟೂ ದಪ್ಪ. ಈ ಗೊಂದಲ ತಪ್ಪಿಸಲೆಂದು 1,000 ಮೀಟರಿಗೆ ಎಷ್ಟು ಗ್ರಾಂ ಎಂದು ಎಣಿಸುವ ಟೆಕ್ಸ್ ಎಂಬ ಅಳತೆಯನ್ನು ತಂದರು. ಪಠ್ಯಪುಸ್ತಕಗಳಲ್ಲಿ ಅದು ಇದೆ. ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು ಮಾತ್ರ ಇಂದಿಗೂ ‘ಇಪ್ಪತ್ತು ಇಪ್ಪತ್ತೆರಡು’ ಎಂದೇ ನೂಲು ಮಾರುತ್ತಾರೆ.