ಪ್ರತಿಪಕ್ಷಿಯ ಮಿತ್ರವರಣ: ಜೇವರ್ಗಿಯ ಒಂದು ದೃಷ್ಟಾಂತ

ರಾಜ್ಯಕ್ಕೆ ಅಂಗಗಳು ಏಳೆಂದು ನಮ್ಮ ನೀತಿಶಾಸ್ತ್ರಕಾರರು ಹೇಳಿರುವರು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ ಇವು ಆರು, ಏಳನೆಯದು ಮಿತ್ರ. ಮೊದಲಿನ ಆರೂ ರಾಜನ ಕೈಯೊಳಗಿನ ಸಾಧನಗಳು. ಮಿತ್ರನೊಬ್ಬನೇ ಹೊರಗಿನವನು, ಇಂದು ಇಲ್ಲಿದ್ದು ನಾಳೆ ಅಲ್ಲಿರಬಲ್ಲವನು. ಆದಕಾರಣ ತನ್ನ ಮಿತ್ರನನ್ನು ಆರಿಸಿಕೊಳ್ಳುವುದು ಎಷ್ಟು ಕಠಿನವೋ, ಪ್ರತಿಪಕ್ಷಿಯು ಆರಿಸಿಕೊಂಡ ಅನಿರೀಕ್ಷಿತ ಮಿತ್ರನನ್ನು ಕಂಡು ಬುದ್ಧಿಯನ್ನು ಸ್ತಿಮಿತದಲ್ಲಿಟ್ಟುಕೊಳ್ಳುವುದು ಅಷ್ಟೇ ಕಠಿನ. ಭೀಮಾತೀರದ ನಾಡಿನಲ್ಲಿ ಇದಕ್ಕೆ ಎರಡು ದೃಷ್ಟಾಂತಗಳು ದೊರೆಯುತ್ತವೆ. ಒಂದು ಪ್ರಾಚೀನ, ಇನ್ನೊಂದು ಇತ್ತೀಚಿನದು.

ಪ್ರಾಚೀನವಾದುದು ಆಳಂದ, ಅಫಜಲಪುರಗಳಿಗೆ ಪಡುವಣದ ನೆರೆಯಾದ ಸೊಲ್ಲಾಪುರದ ಕೋಟೆಗೆ ಸಂಬಂಧಿಸಿದುದು. ಈ ಕೋಟೆಗಾಗಿ ವಿಜಾಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ಬಹುಕಾಲದ ವೈರವಿದ್ದಿತು. 1558ರಲ್ಲಿ ಅಲಿ ಆದಿಲಶಹನು ವಿಜಯನಗರದ ರಾಮರಾಯನ ಸಖ್ಯವನ್ನು ಬೆಳೆಸಿ ಹುಸೇನ ನಿಜಾಮಶಹನನ್ನು ಪೀಡಿಸಿದನು. ಆ ಹುಸೇನನೇ ಕೆಲವು ವರ್ಷಗಳಲ್ಲಿ ತನ್ನ ಮಗಳಾದ ಚಾಂದಬೀಬಿಯನ್ನು ಅಲಿಗೆ ಕೊಟ್ಟು, ಸೊಲ್ಲಾಪುರವನ್ನು ಬಳುವಳಿಯಾಗಿತ್ತು, ಅಲಿಯ ತಂಗಿಯನ್ನು ತನ್ನ ಮಗನಿಗೆ ತಂದುಕೊಂಡನು. ಜಗಳದ ವಸ್ತುವೇ ಸ್ನೇಹದ ಬೆಲೆಯಾಯಿತು. ಬಳಿಕ ಅಲಿಯು ಕಳುಹಿಸಿದ ರಾಯಭಾರಿಯನ್ನು ರಾಮರಾಯನು ತಿರಸ್ಕಾರದಿಂದ ಹಿಂದಟ್ಟಿದನೆಂದು ಫಿರಿಷ್ತನು ಬರೆದಿರುವನು. 1565ನೆಯ ಜನವರಿ 23ರಂದು ನಡೆದುದು ಸರ್ವವಿದಿತ.

ಇನ್ನು ಇತ್ತೀಚಿನ ಸಂಗತಿ. ಜೇವರ್ಗಿ ತಾಲೂಕಿನ ನೆಲೋಗಿಯವರಾದ ಎನ್. ಧರ್ಮಸಿಂಗರು ಅಲ್ಪಸಂಖ್ಯೆಯ ರಜಪೂತ ಕುಲದಲ್ಲಿ ಹುಟ್ಟಿ, ಜಾತಿಯ ಬಲವಿಲ್ಲದೆಯೂ ಜೇವರ್ಗಿಯಿಂದ ಮತ್ತೆ ಮತ್ತೆ ವಿಧಾನಸಭೆಗೆ ಆರಿಸಿಬಂದವರು. 2004ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಭಾರತೀಯ ಜನತಾ ಪಕ್ಷಕ್ಕೆ 79, ಕಾಂಗ್ರೆಸ್ಸಿಗೆ 65, ಜಾತ್ಯತೀತ ಜನತಾ ದಳಕ್ಕೆ 58 ದೊರೆತವು. ಕಾಂಗ್ರೆಸ್ಸೂ ದಳವೂ ಕೂಡಿ, ಆ ವರ್ಷದ ಮೇ 28ರಂದು ಧರ್ಮಸಿಂಗರು ಮುಖ್ಯಮಂತ್ರಿಗಳಾದರು. ದಳದ ಸಿದ್ಧರಾಮಯ್ಯನವರು ಉಪಮುಖ್ಯಮಂತ್ರಿಗಳಾದರು. 2005ರ ಆಗಸ್ಟಿನಲ್ಲಿ ದಳವು ಸಿದ್ಧರಾಮಯ್ಯನವರನ್ನು ಕೈಬಿಡಲು, ಆ ಸ್ಥಾನಕ್ಕೆ ಎಂ. ಪಿ. ಪ್ರಕಾಶರು ಬಂದರು. ಮುಂದೆ ಪಂಚಾಯತಿಗಳ ಚುನಾವಣೆಯ ಕಾಲದಲ್ಲಿ ಕಾಂಗ್ರೆಸ್ಸಿನವರು ಸಿದ್ಧರಾಮಯ್ಯನವರ ಬಳಗದೊಡನೆ ಕೈಕೂಡಿಸಿದುದು ದಳಕ್ಕೆ ಅಸಹ್ಯವಾಯಿತು.

2006ರ ಜನವರಿಯಲ್ಲಿ ಎಚ್. ಡಿ. ಕುಮಾರಸ್ವಾಮಿಯವರು ಬೆಂಬಲವನ್ನು ಹಿಂತೆಗೆದು, ಭಾರತೀಯ ಜನತಾ ಪಕ್ಷದ ಬಿ. ಎಸ್. ಯಡಿಯೂರಪ್ಪನವರನ್ನು ಜೊತೆಗಾರರನ್ನಾಗಿ ವರಿಸಿದರು. ಜಾತ್ಯತೀತವೆಂಬ ವಿಶೇಷಣವನ್ನು ಹೆಸರಿನಲ್ಲಿಯೇ ಧರಿಸಿದ ಪಕ್ಷವು ಈ ಮಿತ್ರನನ್ನು ಆರಿಸಿಕೊಂಡೀತೆಂದು ಕಾಂಗ್ರೆಸ್ಸಿನವರು ಎಣಿಸಿರಲಿಲ್ಲ. ತಂದೆಯವರಾದ ದೇವೇಗೌಡರೂ ಬಹಿರಂಗವಾಗಿ ಅಸಮ್ಮತಿಯನ್ನು ಸೂಚಿಸಿದರು. ಜನವರಿ 27ರಂದು ವಿಧಾನಸಭೆಯು ಗದ್ದಲದಲ್ಲಿ ಮುಳುಗಿ ವಿಶ್ವಾಸಮತವು ನಡೆಯದೆಹೋಯಿತು. ಮರುದಿನ ಧರ್ಮಸಿಂಗರು ಅಧಿಕಾರವನ್ನು ಬಿಟ್ಟರು. ಫೆಬ್ರುವರಿ 3ರಂದು ಹೊಸ ಮಂತ್ರಿಮಂಡಲವು ಪ್ರಮಾಣವಚನವನ್ನು ಸ್ವೀಕರಿಸಿತು. ಇಪ್ಪತ್ತು ತಿಂಗಳು ಒಬ್ಬರು, ಇಪ್ಪತ್ತು ತಿಂಗಳು ಇನ್ನೊಬ್ಬರು ಆಳತಕ್ಕದ್ದೆಂಬುದು ಕರಾರು. ಅಂದು ಸೊಲ್ಲಾಪುರವು ಯಾವುದಾಗಿದ್ದಿತೋ, ಇಂದು ಆ ಇಪ್ಪತ್ತು ತಿಂಗಳುಗಳು ಅದೇ ಆದುವು.

ಈ ವರಣವು ನಿಜವಾಗಿಯೂ ಆಶ್ಚರ್ಯಕರವಾಗಿದ್ದಿತೇ? ಗಣಿತವು ಮೊದಲೇ ತೆರೆದಿದ್ದಿತು: 65ಕ್ಕೆ 58 ಕೂಡಿದರೆ 123, 79ಕ್ಕೆ 58 ಕೂಡಿದರೆ 137. ಕೌಟಿಲ್ಯನ ಮಂಡಲಸಿದ್ಧಾಂತವಾದರೂ ಗಡಿಗೆ ತಾಗಿದವನು ಅರಿ, ಅವನಿಗೂ ಆಚೆಯವನು ಮಿತ್ರ ಎಂದು ವಿಧಿಸುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ದಳಕ್ಕೆ ಊರೂರಿಗೂ ಎದುರಾಗಿ ನಿಂತಿದ್ದುದು ಕಾಂಗ್ರೆಸ್ಸು. ಭಾರತೀಯ ಜನತಾ ಪಕ್ಷದ ಬಲವು ಆಗ ಬಹುಮಟ್ಟಿಗೆ ಉತ್ತರದಲ್ಲಿಯೂ ಕರಾವಳಿಯಲ್ಲಿಯೂ ಇದ್ದಿತು. ಹೆಸರನ್ನು ನೋಡಿದವರಿಗೆ ಈ ಮೈತ್ರಿಯು ಅಸಂಭವ. ಕ್ಷೇತ್ರವನ್ನು ನೋಡಿದವರಿಗೆ ಸಹಜ.

ಕಾಂಗ್ರೆಸ್ಸಿನ ಪ್ರತಿಕ್ರಿಯೆಯು ಎರಡು ಬಗೆಯಾಗಿದ್ದಿತು. ಮೊದಲನೆಯದು ದ್ರೋಹವೆಂಬ ದೂರು. ಆ ದೂರಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಆದರೆ ಮಿತ್ರನ ಬಂಡುಗಾರರನ್ನು ತಾನೇ ಆದರಿಸಿದವನ ಬಾಯಲ್ಲಿ ಅದು ಅರ್ಧಬಲವನ್ನು ಕಳೆದುಕೊಂಡಿತು. ಎರಡನೆಯದು ಮಾತಿಲ್ಲದ ಕಾರ್ಯ: ದಳವು ತೊರೆದ ಉಪಮುಖ್ಯಮಂತ್ರಿಯನ್ನೇ ಆ ಪಕ್ಷವು 2006ರಲ್ಲಿ ಸೇರಿಸಿಕೊಂಡಿತು. ವರ್ಷಾಂತ್ಯದ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಸಿದ್ಧರಾಮಯ್ಯನವರು 257 ಮತಗಳಿಂದ ಗೆದ್ದರು; 2013ರಲ್ಲಿ ಮುಖ್ಯಮಂತ್ರಿಗಳಾದರು. ನಿಂದೆಯಿಂದ ದೊರೆಯದ ಫಲವು ನಿರೀಕ್ಷಣೆಯಿಂದ ದೊರೆಯಿತು.

ಹೊಸ ಮೈತ್ರಿಯ ಗತಿಯೋ ಬೇರೆ. ಹುಸೇನನು ಸೊಲ್ಲಾಪುರವನ್ನು ಕೊಟ್ಟನು. ಇಲ್ಲಿ 2007ರ ಅಕ್ಟೋಬರಿನಲ್ಲಿ ಅಧಿಕಾರವು ಕೈಬದಲಾಗಲಿಲ್ಲ. ರಾಷ್ಟ್ರಪತಿಯ ಆಳ್ವಿಕೆಯು ಬಂದಿತು. ಬಳಿಕ ರಾಜಿಯಾಗಿ ನವೆಂಬರ್ 12ರಂದು ಮುಖ್ಯಮಂತ್ರಿಗಳಾದ ಯಡಿಯೂರಪ್ಪನವರು 19ರಂದೇ ರಾಜೀನಾಮೆಯಿತ್ತರು. ಬೆಲೆ ತೆರದ ಸ್ನೇಹವು ನಿಲ್ಲಲಿಲ್ಲ. 2008ರ ಚುನಾವಣೆಯಲ್ಲಿ ದಳವು 58ರಿಂದ 28ಕ್ಕೆ ಇಳಿಯಿತು. ಭಾರತೀಯ ಜನತಾ ಪಕ್ಷವು 110ಕ್ಕೆ ಏರಿತು.

ಆದರೆ ಅನ್ಯಾಯಕ್ಕೊಳಗಾದವರನ್ನು ಜೇವರ್ಗಿಯು ಎತ್ತಿ ಹಿಡಿಯಿತೇ? ಇಲ್ಲ. ಅದೇ ಚುನಾವಣೆಯಲ್ಲಿ ಧರ್ಮಸಿಂಗರು ನೂರಕ್ಕೂ ಕಡಮೆ ಮತಗಳ ಅಂತರದಿಂದ ಸೋತರು. ಮರುವರ್ಷ ಬೀದರದಿಂದ ಲೋಕಸಭೆಗೆ ಹೋದರು. 2017ರ ಜುಲೈ 27ರಂದು ತೀರಿಕೊಂಡರು. ಅವರ ಮರಣದ ಮರುವರ್ಷವೇ ಕಾಂಗ್ರೆಸ್ಸು ಅದೇ ಕುಮಾರಸ್ವಾಮಿಯವರನ್ನು ಮುಖ್ಯಮಂತ್ರಿಗಳನ್ನಾಗಿ ಮಾಡಿತು. ಜೇವರ್ಗಿಯಿಂದ ಆರಿಸಿಬಂದ ಧರ್ಮಸಿಂಗರ ಪುತ್ರರು ಆ ಸಭೆಯಲ್ಲಿ ಆಳುವ ಪಕ್ಷದ ಕಡೆಗೆ ಕುಳಿತಿದ್ದರು. 2023ರಲ್ಲಿ ದಳವು ಪುನಃ ಭಾರತೀಯ ಜನತಾ ಪಕ್ಷದ ಕೂಟವನ್ನು ಸೇರಿತು. ಅಫಜಲಪುರದಲ್ಲಿಯಂತೂ 2018ರಲ್ಲಿ ಮಾಲೀಕಯ್ಯ ಗುತ್ತೇದಾರರು ಕಾಂಗ್ರೆಸ್ಸನ್ನು ಬಿಟ್ಟು ಭಾರತೀಯ ಜನತಾ ಪಕ್ಷಕ್ಕೆ ಹೋಗಲು, ಎದುರಾಳಿಗಳಾದ ಎಂ. ವೈ. ಪಾಟೀಲರು ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. ಆಳಂದದ ಬಿ. ಆರ್. ಪಾಟೀಲರು 2013ರಲ್ಲಿ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷದಿಂದಲೂ 2023ರಲ್ಲಿ ಕಾಂಗ್ರೆಸ್ಸಿನಿಂದಲೂ ಆರಿಸಿಬಂದರು.

ಇದರಿಂದ ತಿಳಿಯತಕ್ಕ ಅಂಶವಿಷ್ಟು. ಪ್ರತಿಪಕ್ಷಿಯ ಹೊಸ ಮಿತ್ರನು ಯಾರೆಂದು ಬೆರಗಾಗುವುದಕ್ಕಿಂತ, ಆ ಮೈತ್ರಿಗೆ ಕೊಟ್ಟ ಬೆಲೆ ಏನು, ಅದು ಸಂದಾಯವಾಗುವುದೇ, ಅದಕ್ಕೆ ಕಾರಣವಾದ ಒಡಕಿನಲ್ಲಿ ತನ್ನ ಪಾಲೆಷ್ಟು ಎಂಬ ಮೂರನ್ನು ವಿಚಾರಿಸುವುದು ಲೇಸು. ರಾಮರಾಯನು ವಿಚಾರಿಸಲಿಲ್ಲ, ಅವನಿಗೆ ಎರಡನೆಯ ಅವಕಾಶವೂ ಇರಲಿಲ್ಲ. ಪ್ರಜಾರಾಜ್ಯವಾದರೋ ಸೋತವನಿಗೆ ಐದು ವರ್ಷಗಳಿಗೊಮ್ಮೆ ಅವಕಾಶವನ್ನೀಯುತ್ತದೆ. ಆದರೆ ಮತದಾರರು ಸೋತವನ ದುಃಖಕ್ಕೆ ಮತ ಕೊಡುವುದು ವಿರಳವೆಂಬುದನ್ನು ಜೇವರ್ಗಿಯೇ ತನ್ನ ಮನೆಯ ಮಗನಿಗೆ ತಿಳಿಸಿಕೊಟ್ಟಿತು.