ಗಂಟಲಿನ ಅರಿವು: ಕಹಳೆಯಿಂದ ಕವಾಟದವರೆಗೆ

ಮನುಷ್ಯನ ಗಂಟಲು ಉಸಿರಿಗೂ ಅನ್ನಕ್ಕೂ ಕೂಡುದಾರಿ. ಮೂಗು, ಬಾಯಿಗಳಿಂದ ಬಂದ ಹಾದಿಗಳು ಗಂಟಲಕುಳಿಯಲ್ಲಿ ಒಂದಾಗಿ ಇಳಿದು, ಧ್ವನಿಪೆಟ್ಟಿಗೆಯ ಬಳಿ ಮತ್ತೆ ಕವಲೊಡೆಯುತ್ತವೆ: ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ. ದನಿ ಹುಟ್ಟುವುದೂ ತುತ್ತು ದಾರಿ ತಪ್ಪುವುದೂ ಈ ಕವಲಿನಲ್ಲೇ. ಆದರೂ ಇವೆರಡರ ಅಧ್ಯಯನ ಜೊತೆಯಾಗಿ ಬೆಳೆಯಲಿಲ್ಲ. ದನಿ ಕಿವಿಗೆ ಸಿಗುತ್ತದೆ. ನುಂಗುವ ಕ್ರಿಯೆ ಒಳಗೊಳಗೇ ಮುಗಿದುಹೋಗುತ್ತದೆ.

ವೇದಪಾಠ ಕೆಡದಂತೆ ಕಾಯಲು ಹುಟ್ಟಿದ ಪ್ರಾತಿಶಾಖ್ಯಗಳು ದನಿಯ ವಿಷಯದಲ್ಲಿ ಬೆರಗು ಹುಟ್ಟಿಸುವಷ್ಟು ಮುಂದಿದ್ದವು. ಕಂಠ ಮುಚ್ಚಿಕೊಂಡಾಗ ನಾದ, ತೆರೆದಾಗ ಬರಿಯ ಶ್ವಾಸ ಎನ್ನುತ್ತದೆ ತೈತ್ತಿರೀಯ ಪ್ರಾತಿಶಾಖ್ಯ. ಗಕಾರವನ್ನು ಕಕಾರದಿಂದ ಬೇರ್ಪಡಿಸುವುದು ಈ ನಾದವೇ. ಕನ್ನಡದಲ್ಲಿ ಈ ವಿಚಾರಕ್ಕೆ ಬಾಯಿ ಕೊಟ್ಟವನು ಕೇಶಿರಾಜ. 13ನೆಯ ಶತಮಾನದಲ್ಲಿ ಅವನು ಬರೆದ ‘ಶಬ್ದಮಣಿದರ್ಪಣ’ದ ಪ್ರಕಾರ, ಜೀವದ ಇಚ್ಛೆಯಿಂದಲೂ ಅನುಕೂಲವಾದ ಗಾಳಿಯಿಂದಲೂ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ. ಶಬ್ದವೂ ಒಂದು ದ್ರವ್ಯವೆಂಬುದು ಜೈನ ದರ್ಶನದ ನಿಲುವು. ನಾಭಿಯ ಮಾತು ಅಂಗರಚನೆಗೆ ಒಗ್ಗುವುದಿಲ್ಲ, ಕಹಳೆಯ ಮಾತು ಚೆನ್ನಾಗಿಯೇ ಒಗ್ಗುತ್ತದೆ. ಒತ್ತಿ ಬರುವ ಗಾಳಿ, ನಡುಗುವ ತುಟಿ, ದನಿಯನ್ನು ತಿದ್ದುವ ಕೊಳವೆ ಮೂರೂ ಅಲ್ಲಿವೆ.

ಒಳಗಿನ ಅಂಗವನ್ನು ಹುಡುಕಿದವರು ವೈದ್ಯರು. 2ನೆಯ ಶತಮಾನದಲ್ಲಿ ಗ್ಯಾಲೆನ್ ಕಿರುಚುವ ಹಂದಿಯ ಕೊರಳಿನ ನರವನ್ನು ಕತ್ತರಿಸಿ ದನಿ ನಿಂತದ್ದನ್ನು ಎಲ್ಲರೆದುರು ತೋರಿಸಿದ. ಆ ನರದ ಎಡಗವಲು ಎದೆಯವರೆಗೆ ಇಳಿದು, ಮಹಾಪಧಮನಿಯನ್ನು ಬಳಸಿ ಮೇಲಕ್ಕೆ ಬರುತ್ತದೆ. ಎದೆಯ ಗಡ್ಡೆಗಳಲ್ಲಿ ಒಮ್ಮೊಮ್ಮೆ ಗೊಗ್ಗರು ದನಿಯೇ ಮೊದಲ ಲಕ್ಷಣವಾಗುವುದು ಇದರಿಂದ. ಮಾತಾಡುವ ಮನುಷ್ಯನ ಧ್ವನಿತಂತುಗಳು ಕಣ್ಣಿಗೆ ಬೀಳಲು 1854ರವರೆಗೆ ಕಾಯಬೇಕಾಯಿತು. ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನೂ ಬಿಸಿಲನ್ನೂ ಬಳಸಿ ತನ್ನದೇ ಗಂಟಲನ್ನು ನೋಡಿಕೊಂಡ ಮ್ಯಾನುಯೆಲ್ ಗಾರ್ಸಿಯಾ ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಗಂಡಸಿನ ತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸಿನವು ಸುಮಾರು ಇನ್ನೂರು ಸಲ ಕಂಪಿಸುತ್ತವೆ. ಪ್ರತಿ ಕಂಪನಕ್ಕೂ ಮಿದುಳಿನಿಂದ ಒಂದೊಂದು ಆಜ್ಞೆ ಬರುತ್ತದೆಂಬ ವಾದ 1950ರಲ್ಲಿ ಎದ್ದಿತ್ತು. ಗಾಳಿಯ ಒತ್ತಡವೂ ತಂತುಗಳ ಸ್ಥಿತಿಸ್ಥಾಪಕತೆಯೂ ಸಾಕೆಂದು ವಾನ್ ಡೆನ್ ಬರ್ಗ್ 1958ರಲ್ಲಿ ಮಂಡಿಸಿದ ಸಿದ್ಧಾಂತವೇ ಉಳಿಯಿತು.

ನುಂಗುವಿಕೆ ಬಾಯಿ, ಗಂಟಲಕುಳಿ, ಅನ್ನನಾಳಗಳ ಮೂರು ಹಂತದ ಕೆಲಸವೆಂದು ಫ್ರಾನ್ಸಿನ ಮಜಾಂಡಿ 19ನೆಯ ಶತಮಾನದ ಆರಂಭದಲ್ಲೇ ವಿಂಗಡಿಸಿದ್ದ. ನಡುವಿನ ಹಂತ ಸುಮಾರು ಒಂದು ಸೆಕೆಂಡಿನದು. ಅಷ್ಟರಲ್ಲಿ ಮೆದು ಅಂಗುಳ ಎದ್ದು ಮೂಗಿನ ದಾರಿ ಮುಚ್ಚುತ್ತದೆ, ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಕಿರುಮುಚ್ಚಳ ಮಗುಚಿ ಬೀಳುತ್ತದೆ, ಅನ್ನನಾಳದ ಬಾಯಿ ಸಡಿಲುತ್ತದೆ. ಕ್ರಮ ತಪ್ಪಿದರೆ ಕೆಮ್ಮು. ನೆತ್ತಿಗೆ ಹತ್ತಿತೆಂದು ಜನ ತಲೆ ತಟ್ಟುತ್ತಾರೆ. ತೊಡಕಿರುವುದು ಮಾತ್ರ ಒಂದು ಗೇಣು ಕೆಳಗೆ. ಪಾರ್ಶ್ವವಾಯು ಹೊಡೆದವರಲ್ಲಿ ಕೆಮ್ಮೂ ಬಾರದೆ ಅನ್ನ ಶ್ವಾಸಕೋಶ ಸೇರಬಹುದು. ಬೇರಿಯಂ ಬೆರೆಸಿದ ಆಹಾರವನ್ನು ಎಕ್ಸ್-ರೇ ಚಲನಚಿತ್ರದಲ್ಲಿ ಹಿಂಬಾಲಿಸುವ ವಿಧಾನವನ್ನು ಅಮೆರಿಕದ ಜೆರಿ ಲೋಗ್‌ಮನ್ ರೂಢಿಗೆ ತಂದರು. 1983ರ ಅವರ ಪಠ್ಯಪುಸ್ತಕದ ನಂತರ ನುಂಗುವ ತೊಂದರೆಯೂ ವಾಕ್ ಚಿಕಿತ್ಸಕರ ಪಾಲಿಗೆ ಬಂತು. ಮೂಗಿನ ಮೂಲಕ ದುರ್ಬೀನು ಇಳಿಸುವ ಪರೀಕ್ಷೆ 1988ರದು.

ಕರ್ನಾಟಕದಲ್ಲಿ ಈ ವಿದ್ಯೆಯ ನೆಲೆ ಮೈಸೂರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದದ್ದು 1965ರಲ್ಲಿ. ಮಾತು, ಶ್ರವಣ, ದನಿಯ ತೊಂದರೆಗಳ ಜೊತೆಗೆ ನುಂಗುವ ತೊಂದರೆಯ ಚಿಕಿತ್ಸೆಯೂ ಅಲ್ಲಿದೆ. ಬಾಯಿ, ಗಂಟಲುಗಳನ್ನು ಕೆಡಿಸುವ ಅಭ್ಯಾಸಗಳೂ ಇವೆ: ಮಲೆನಾಡಿನಲ್ಲಿ ಊಟದ ಕೊನೆಯೇ ಎಲೆಯಡಿಕೆ. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆ ಕೆಡಿಸುವುದು ಮುಖ್ಯವಾಗಿ ಬಾಯನ್ನು. ಧ್ವನಿಪೆಟ್ಟಿಗೆಗೆ ದೊಡ್ಡ ವೈರಿ ಬೀಡಿ, ಸಿಗರೇಟು.

ಕ್ಯಾನ್ಸರ್ ಹಿಡಿದ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಬಿಲ್‌ರಾತ್ ವಿಯೆನ್ನಾದಲ್ಲಿ 1873ರಲ್ಲೇ ಮಾಡಿದ್ದ. ಅದಾದ ಮೇಲೆ ಉಸಿರು ಕೊರಳಿನ ರಂಧ್ರದಿಂದ, ಅನ್ನ ಬಾಯಿಂದ. ಕೂಡುದಾರಿ ಬೇರೆಯಾಗುತ್ತದೆ, ದನಿ ಹೋಗುತ್ತದೆ. ಸಿಂಗರ್ ಮತ್ತು ಬ್ಲಾಮ್ 1980ರ ಸುಮಾರಿಗೆ ಎರಡು ನಾಳಗಳ ನಡುವೆ ಕಿಂಡಿ ಮಾಡಿ ಏಕಮುಖ ಕವಾಟ ಕೂರಿಸಿದರು. ಕೊರಳ ರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ಉಸಿರು ಅನ್ನನಾಳಕ್ಕೆ ನುಗ್ಗಿ, ಅದರ ಮೇಲ್ಭಾಗದ ಗೋಡೆ ಕಂಪಿಸಿ ಮಾತು ಮರಳುತ್ತದೆ. ಬೂಷ್ಟು ಬೆಳೆದು ಕವಾಟ ಸೋರತೊಡಗುವುದರಿಂದ ಅದನ್ನು ಆಗಾಗ ಬದಲಿಸಬೇಕು. ವಿದೇಶಿ ಕವಾಟಕ್ಕೆ ಹದಿನೈದು ಸಾವಿರ ರೂಪಾಯಿಗೂ ಹೆಚ್ಚು ತೆರಬೇಕಿದ್ದಾಗ, ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ್ ರಾವ್ ತಮ್ಮ ಸಂಗಡಿಗರೊಂದಿಗೆ ‘ಓಂ’ ಹೆಸರಿನ ಸಾಧನವನ್ನು ರೂಪಿಸಿ ಸುಮಾರು 50 ರೂಪಾಯಿಗೆ ಸಿಗುವಂತೆ ಮಾಡಿದರು.